ಅಕ್ಕ ಅಳಿಸಿದ ಉಂಗುರ

ನಮ್ಮ ಅಕ್ಕನಿಗೆ ಬೀದಿಯವರು ಇಟ್ಟಿರುವ ಹೆಸರು ಮಚ್ಚೆ ಡಾಕ್ಟರು. ಅವಳು ಡಾಕ್ಟರೂ ಅಲ್ಲ, ಕಾಂಪೌಂಡರೂ ಅಲ್ಲ. ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ ನಮ್ಮ ಫೋಟೋ ಸ್ಟುಡಿಯೋದಲ್ಲಿ ಮೂವತ್ತೊಂದು ವರ್ಷದಿಂದ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಸ್ವಲ್ಪ ಕೆಳಗೆ, ಉಸಿರು ಹಿಡೀಬೇಡಿ" ಎಂದು ಹೇಳಿ ಫೋಟೋ ತೆಗೆಯುತ್ತಾಳೆ. ತೆಗೆದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಮೊಡವೆ, ಕಲೆ, ಮಚ್ಚೆ, ಕಾಲರಿಗೆ ಅಂಟಿಕೊಂಡ ದಾರದ ಚೂರು, ಎಲ್ಲವನ್ನೂ ಅಳಿಸುತ್ತಾಳೆ. ಕೇಳಿದರೂ ಅಳಿಸುತ್ತಾಳೆ, ಕೇಳದಿದ್ದರೂ ಅಳಿಸುತ್ತಾಳೆ. ಕೈಗೆ ಅದೇ ಅಭ್ಯಾಸವಾಗಿಹೋಗಿದೆ.

ಈ ಡಾಕ್ಟರಿಗೇ ಎಡಗೆನ್ನೆಯ ಮೇಲೆ ಹೆಬ್ಬೆರಳಿನ ಗುರುತಿನಷ್ಟು ದೊಡ್ಡ ಹುಟ್ಟುಮಚ್ಚೆ ಇದೆ. ಸ್ಟುಡಿಯೋ ಹಾಕಿದವರು ನಮ್ಮಪ್ಪ. ಅಕ್ಕನಿಗೆ ಹತ್ತೊಂಬತ್ತಾದಾಗ ಅವಳದೊಂದು ಫೋಟೋ ತೆಗೆದು, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಎರಡು ದಿನ ತಿದ್ದಿ, ಆ ಮಚ್ಚೆಯನ್ನು ಮಾಯ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಮೆಟ್ಟಿಲಿನ ಬುಡದ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದರು. ಅಪ್ಪನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮಗಳೆಂದರೆ ಪ್ರಾಣ, ಕೈಚಳಕ ತೋರಿಸುವ ಆಸೆಯೂ ಇತ್ತು. ಅಪ್ಪ ಹೋದರು, ಫೋಟೋ ಉಳಿಯಿತು. ಮೆಟ್ಟಿಲು ಹತ್ತಿ ಬಂದ ಗಿರಾಕಿಗಳು ಅಕ್ಕನ ಮುಖ ನೋಡಿ, ಕೆಳಗಿರುವ ಫೋಟೋ ನಿಮ್ಮ ತಂಗಿಯದಾ ಎಂದು ಕೇಳುತ್ತಾರೆ. ಅವಳು ಹೂಂ ಅನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ತಂಗಿಯೇ ಇಲ್ಲ, ಇರುವುದು ನಾನೊಬ್ಬ ತಮ್ಮ. ಅದನ್ನು ಕೆಳಗಿಳಿಸೋಣ ಅಂದಾಗಲೆಲ್ಲ, ಅಪ್ಪನ ಕೆಲಸ, ಇರಲಿ ಬಿಡು ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ನನ್ನ ಕೆಲಸ ಪ್ರಿಂಟ್ ತೆಗೆಯುವುದು, ಕತ್ತರಿಸುವುದು, ಗಿರಾಕಿಗಳ ಹತ್ತಿರ ಜಗಳವಾಡುವುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನಿಗೆ ಕೋಪವಿಲ್ಲ, ಹಟವಿದೆ. ಎರಡರಲ್ಲಿ ಯಾವುದು ಹೆಚ್ಚು ಕಾಟ ಕೊಡುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ.

ಹಕ್ಕಿಯ ಹುಚ್ಚು ಹಚ್ಚಿದವರು ಮೇಷ್ಟ್ರು. ನಿವೃತ್ತರಾದ ಗಣಿತದ ಮೇಷ್ಟ್ರು, ಎಂಟು ವರ್ಷದ ಹಿಂದೆ ಏನೋ ಅರ್ಜಿಗೆ ಫೋಟೋ ತೆಗೆಸಲು ಬಂದವರು, ಕಾಯುತ್ತ ಕೂತಾಗ ಕಿಟಕಿಯಾಚೆ ವಿದ್ಯುತ್ ತಂತಿಯ ಮೇಲಿದ್ದ ಒಂದು ಹಕ್ಕಿಯ ಬಗ್ಗೆ ಅಕ್ಕನಿಗೆ ಅರ್ಧ ಗಂಟೆ ಪಾಠ ಮಾಡಿದರು. ಮುಂದಿನ ಭಾನುವಾರ ಅವಳು ಅವರ ಗುಂಪಿನ ಜೊತೆ ಊರಾಚೆಯ ಪಕ್ಷಿಧಾಮಕ್ಕೆ ಹೋದಳು. ಅಲ್ಲಿಂದ ಇಲ್ಲಿಯವರೆಗೆ ಒಂದು ಭಾನುವಾರವೂ ಮನೆಯಲ್ಲಿ ಕಾಲು ಊರಿದವಳಲ್ಲ. ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ. ದೊಡ್ಡ ಕೆರೆ, ಸುತ್ತ ಜೊಂಡು, ಅದರಾಚೆ ತಂತಿಬೇಲಿ. ಕೆರೆಯೊಳಗೆ ನಾಲಿಗೆಯ ಹಾಗೆ ಚಾಚಿಕೊಂಡ ಒಂದು ಕೆಸರು ದಿಬ್ಬ, ಅದರ ತುದಿಯಲ್ಲಿ ಮುರಿದ ಮರದ ಗೂಟ. ಚಳಿ ಶುರುವಾದಾಗ ಉತ್ತರದಿಂದ ಬರುವ ಗೊರವ ಹಕ್ಕಿಗಳು ಆ ದಿಬ್ಬದ ಮೇಲೆ ಇಳಿದು, ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತ ಓಡಾಡುತ್ತವೆ. ಬಿಸಿಲು ಏರುವ ಮೊದಲು ಹೊರಟುಹೋಗುತ್ತವೆ.

ಅಕ್ಕ ಅವುಗಳನ್ನೂ ಸ್ಟೂಲಿನ ಮೇಲಿನ ಗಿರಾಕಿಗಳಂತೆಯೇ ನೋಡಿಕೊಳ್ಳುತ್ತಿದ್ದಳು. ಗಲ್ಲ ಸ್ವಲ್ಪ ಕೆಳಗೆ ಎಂದು ಪಿಸುಗುಟ್ಟುತ್ತಿದ್ದಳು. ಅದು ಸಾಲದೆಂದು ಸ್ಟುಡಿಯೋಗೆ ಬಂದು, ಹಕ್ಕಿಯ ಎದೆಗೆ ಹತ್ತಿದ ಕೆಸರು, ಕೊಕ್ಕಿನ ಮೇಲಿನ ಹುಲ್ಲುಕಡ್ಡಿ, ರೆಕ್ಕೆಯ ಹರಿದ ಅಂಚು, ಎಲ್ಲ ತಿದ್ದಿ, ಶಾಲೆಯ ವಾರ್ಷಿಕೋತ್ಸವಕ್ಕೆ ತಯಾರಾದ ಮಕ್ಕಳ ಹಾಗೆ ಮಾಡಿಡುತ್ತಿದ್ದಳು. ಗುಂಪಿನವರು ಅವಳ ಫೋಟೋ ನೋಡಿ ಆಹಾ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಪಕ್ಷಿಧಾಮದವರು ಆ ದಿಬ್ಬದ ಮೇಲೆ ಕಲ್ಲು ಕಾಂಕ್ರೀಟ್ ಸುರಿದು, ಜನ ನಿಂತು ಹಕ್ಕಿ ನೋಡಲು ಕಟ್ಟೆ ಕಟ್ಟುತ್ತಾರಂತೆ. ಅಡುಗೆಮನೆ ಕೆಡವಿ ಊಟದ ಕೋಣೆ ಕಟ್ಟಿದಂತಾಯಿತು ಎಂದೆ ನಾನು. ಮೇಷ್ಟ್ರು ನಗಲಿಲ್ಲ. ಅಲ್ಲಿನ ಅಧಿಕಾರಿಯನ್ನು ಕಂಡು ಬಂದಿದ್ದರಂತೆ. ಅವರು ಕೆಟ್ಟವರಲ್ಲ, ಆದರೆ ಕಾಗದ ಬಿಟ್ಟು ಬೇರೇನನ್ನೂ ನಂಬುವವರಲ್ಲ. ಹಾರಿಹೋಗುವ ಹಕ್ಕಿಗಳು, ಈ ದಿಬ್ಬ ಹೋದರೆ ಆ ದಡದಲ್ಲಿ ಕೂರುತ್ತವೆ, ಒಂದೇ ಹಕ್ಕಿ ವರ್ಷವರ್ಷವೂ ಹುಡುಕಿಕೊಂಡು ಇದೇ ದಿಬ್ಬಕ್ಕೆ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಕೊಡಿ, ಕಟ್ಟೆಯನ್ನು ಬೇರೆ ಕಡೆ ಹಾಕಿಸುತ್ತೇನೆ ಎಂದಿದ್ದರು. ಸಮಿತಿಯ ಸಭೆಗೆ ಆರು ವಾರ ಇತ್ತು.

ಮೇಷ್ಟ್ರು ಚೀಲದಿಂದ ಹಳೆಯ ನೋಟುಪುಸ್ತಕ ತೆಗೆದರು. ಅದರ ಹಿಂದಿನ ಚಳಿಗಾಲದ ಒಂದು ಭಾನುವಾರ, ಗೂಟದ ಪಕ್ಕ ನಿಂತಿದ್ದ ಗೊರವದ ಬಲಗಾಲಿನಲ್ಲಿ ಹಳದಿಯದು ಏನೋ ಕಂಡಿತು ಎಂದು ಬರೆದುಕೊಂಡಿದ್ದರು. ದೂರದ ದೇಶಗಳಲ್ಲಿ ಹಕ್ಕಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವವರಿದ್ದಾರೆ. ಅದು ಅಂಥದ್ದೇ ಆಗಿದ್ದರೆ, ಈ ವರ್ಷವೂ ಅದೇ ಹಕ್ಕಿ ಅಲ್ಲೇ ಸಿಕ್ಕಿದರೆ, ಸಾಕ್ಷಿ ಅದೇ. ಅವರ ದುರ್ಬೀನಿಗೆ ಅಕ್ಷರ ಕಂಡಿರಲಿಲ್ಲ. ಆದರೆ ಆ ದಿನ ಅದೇ ಹಕ್ಕಿಯ ಫೋಟೋ ಅಕ್ಕ ತೆಗೆದಿದ್ದಳು. ದೊಡ್ಡದು ಮಾಡಿ ನೋಡಮ್ಮ ಎಂದರು.

ಅಕ್ಕ ಫೋಟೋ ತೆರೆದಳು. ಗೂಟ ಇತ್ತು, ಹಕ್ಕಿ ಇತ್ತು, ಬಲಗಾಲು ಇತ್ತು. ಕಾಲು ತೊಳೆದಿಟ್ಟ ಹಾಗೆ ಸ್ವಚ್ಛ. ಆಮೇಲೆ ತೀರಾ ಸಣ್ಣ ದನಿಯಲ್ಲಿ ಹೇಳಿದಳು. ಕಾಲಿಗೆ ಹಳದಿ ಪ್ಲಾಸ್ಟಿಕ್ ಚೂರು ಸುತ್ತಿಕೊಂಡಿದೆ, ಕೆರೆಯ ಕಸ ಇರಬೇಕು ಅಂದುಕೊಂಡು, ಕಾಲರಿನ ದಾರ ತೆಗೆಯುವ ಹಾಗೆ ಅವಳೇ ಅಳಿಸಿದ್ದಳು.

"ಒರಿಜಿನಲ್ ಇರಬೇಕಲ್ಲೋ?" ಎಂದು ನನ್ನ ಕಡೆ ತಿರುಗಿದಳು.

ನಮ್ಮ ಸ್ಟುಡಿಯೋದ ಕಟ್ಟಳೆ ಒಂದಿದೆ. ಕೆಲಸ ಮುಗಿದ ಫೋಟೋ ಇಟ್ಟುಕೊಂಡು, ತಿದ್ದುವ ಮೊದಲಿನದನ್ನು ಶನಿವಾರ ಬಾಗಿಲು ಹಾಕುವ ಮುಂಚೆ ಅಳಿಸಿಬಿಡುವುದು. ಜನರ ತಿದ್ದದ ಮುಖಗಳು ನಮ್ಮ ಹತ್ತಿರ ಉಳಿಯಬಾರದು ಎಂದು ಅಕ್ಕನೇ ಮಾಡಿದ ಕಟ್ಟಳೆ. ಅಳಿಸುವವನು ನಾನು. ಹಕ್ಕಿಯ ಫೋಟೋ, ಮನುಷ್ಯರ ಫೋಟೋ ಎಂದು ನಾನು ಭೇದ ಮಾಡಿರಲಿಲ್ಲ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ನೀನು ಖಾಲಿ ಮಾಡಿದ್ದು ಕಸದ ಬುಟ್ಟಿ, ಬೇಕಾದ ಕಾಗದವನ್ನ ಅದಕ್ಕೆ ಹಾಕಿದವಳು ನಾನು ಎಂದಷ್ಟೇ ಹೇಳಿ, ಮೇಷ್ಟ್ರಿಗೆ ನೀರು ತಂದುಕೊಟ್ಟಳು.

ಮಾರನೆಯ ದಿನ ಬಾಗಿಲಿಗೆ ಚೀಟಿ ಅಂಟಿಸಿದಳು: ಆರು ವಾರ ಶನಿವಾರ ಸ್ಟುಡಿಯೋ ಇಲ್ಲ. ನನಗೆ ತಲೆ ಕೆಟ್ಟುಹೋಯಿತು. ನಮಗೆ ಜನ ಬರುವುದೇ ಶನಿವಾರ. ನಿನಗೇನು ತಲೆ ನೆಟ್ಟಗಿದೆಯಾ, ಗಿರಾಕಿಗಳು ಎದುರು ಬೀದಿಯ ಸ್ಟುಡಿಯೋಗೆ ಹೋಗಿ ಅಲ್ಲೇ ಉಳಿದುಬಿಡುತ್ತಾರೆ ಎಂದು ಕೂಗಾಡಿದೆ. ಅವಳು ಕೇಳಿಸಿಕೊಂಡು, ಚೀಟಿಯ ಸೊಟ್ಟಗಿದ್ದ ಮೂಲೆಯನ್ನು ಸರಿಮಾಡಿ ಒಳಗೆ ಹೋದಳು. ಜಪ್ಪಯ್ಯ ಅಂದರೂ ಜಗ್ಗುವವಳಲ್ಲ.

ಉಂಗುರದ ಅಕ್ಷರ ಓದಬೇಕಾದರೆ ದಿಬ್ಬದ ಹತ್ತಿರವೇ, ನೆಲಮಟ್ಟದಲ್ಲಿ, ಹಕ್ಕಿಗೆ ಕಾಣದ ಹಾಗೆ ಮಲಗಬೇಕು. ಅದಕ್ಕೆ ಅವಳು ಅಟ್ಟದಿಂದ ಅಪ್ಪನ ಕಾಲದ ಬಣ್ಣದ ಪರದೆ ಇಳಿಸಿದಳು. ಅರಮನೆಯ ಮೆಟ್ಟಿಲು, ಗುಲಾಬಿ ತೋಟ, ದೂರದಲ್ಲೊಂದು ಕಾರಂಜಿ. ನಮ್ಮೂರಿನ ಅರ್ಧದಷ್ಟು ಜನ ಆ ಮೆಟ್ಟಿಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಅದರ ಬೆನ್ನು ಒಣಗಿದ ಕೆಸರಿನ ಬಣ್ಣ. ಬೆನ್ನು ಹೊರಗೆ, ಗುಲಾಬಿ ಒಳಗೆ ಮಾಡಿಕೊಂಡು ಅದನ್ನು ಹೊದ್ದು, ಜೊಂಡಿನ ನಡುವೆ ಬೋರಲು ಮಲಗಿದಳು, ಮುಂದೆ ಲೆನ್ಸ್ ಮಾತ್ರ ಹೊರಗೆ. ಐವತ್ತೆರಡು ವರ್ಷದ ಹೆಂಗಸು. ಗೇಟಿನ ಕಾವಲುಗಾರ, ಮೇಷ್ಟ್ರು ಅಧಿಕಾರಿಯಿಂದ ಬರೆಸಿ ತಂದಿದ್ದ ಅನುಮತಿ ಪತ್ರವನ್ನು ಎರಡು ಸಲ ಓದಿ, ಒಳಗೆ ಬಿಟ್ಟು, ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವಾ ಎಂದು ನನ್ನನ್ನು ಕೇಳಿದ. ಹೇಳುವವನು ನಾನೇ, ಕೇಳುವವರಿಲ್ಲ ಎಂದೆ.

ಮೊದಲ ವಾರ ಆ ಹಕ್ಕಿ ಬರಲೇ ಇಲ್ಲ. ಎರಡನೆಯ ವಾರ ಗಾಳಿ, ಪರದೆ ಹಾರಿ, ಕೆರೆಯ ದಡದಲ್ಲಿ ಅರಮನೆ ಬಿಚ್ಚಿಕೊಂಡು, ಇದ್ದಬದ್ದ ಹಕ್ಕಿಗಳೆಲ್ಲ ಎದ್ದುಹೋದವು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ನನಗೆ ನಗು ತಡೆಯಲಾಗಲಿಲ್ಲ, ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ಶನಿವಾರ ಒಂದು ಹಕ್ಕಿ ಇಳಿಯುವಾಗ ಮೇಷ್ಟ್ರ ದುರ್ಬೀನಿಗೆ ಅದರ ಕಾಲಿನಲ್ಲಿ ಹಳದಿ ಚುಕ್ಕೆ ಮಿಂಚಿತು. ಅದೇ ಗೂಟ, ಅದೇ ಜಾಗ. ಆದರೆ ನೀರು ಏರಿತ್ತು, ಹಕ್ಕಿ ಹೊಟ್ಟೆಯವರೆಗೆ ಮುಳುಗಿ ನಿಂತಿತ್ತು. ಅದು ಕಾಲು ಹೊರಗೆ ತೆಗೆಯಲಿ ಎಂದು ಅಕ್ಕ ನಾಲ್ಕು ಗಂಟೆ ಕಾದಳು. ಅದು ಕಾಲು ತೆಗೆಯದೆ ಹಾಗೇ ಹಾರಿಹೋಯಿತು. ಸರ್ಕಾರಿ ಕಚೇರಿಯ ಗುಮಾಸ್ತರೂ ಇಷ್ಟು ಸತಾಯಿಸಿದ್ದನ್ನು ನಾನು ಕಂಡಿಲ್ಲ.

ನಾಲ್ಕನೆಯ ವಾರ ಅದು ಹತ್ತಿರವೇ ಬಂತು, ಉಂಗುರದ ಮೇಲೆ ಕೆಸರು ಮೆತ್ತಿತ್ತು. ಐದನೆಯ ವಾರದ ಹೊತ್ತಿಗೆ ಅಕ್ಕನ ಮಂಡಿ ಊದಿಕೊಂಡು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದಳು. ಆ ಭಾನುವಾರ ಬರಿಗೈಲಿ ಬಂದು, ಸ್ಟೂಲಿನ ಮೇಲೆ ಕೂತು, ಒದ್ದೆ ಸಾಕ್ಸ್ ಕಳಚುತ್ತಿದ್ದವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡು ಅಕ್ಕ. ಹಕ್ಕಿ ಕಾಲಿನ ಉಂಗುರಕ್ಕೆ ನಿನ್ನ ಕಾಲು ಕಳ್ಕೋಬೇಡ. ಮೇಷ್ಟ್ರು ಬೇರೆ ಏನಾದ್ರೂ ಮಾಡ್ತಾರೆ."

ಅವಳು ಸಾಕ್ಸ್ ಹಿಂಡಿ ಪಕ್ಕಕ್ಕಿಟ್ಟಳು.

"ಅಷ್ಟು ದೂರದಿಂದ ಬರೋ ಹಕ್ಕಿ. ಸಾವಿರದಲ್ಲಿ ಇದು ನಾನೇ ಅಂತ ಹೇಳ್ಕೊಳ್ಳೋಕೆ ಅದಕ್ಕೆ ಇದ್ದಿದ್ದು ಅದೊಂದೇ ಗುರುತು. ಅದನ್ನ ಕಸ ಅಂದ್ಕೊಂಡು ಅಳಿಸಿದವಳು ನಾನು. ನಾನೇ ವಾಪಸ್ ತರಬೇಕು ಕಣೋ, ಮೇಷ್ಟ್ರಲ್ಲ."

ಬಿಸಿನೀರು ಕಾಯಿಸಿ ತಂದು ಅವಳ ಕಾಲ ಬಳಿ ಇಟ್ಟೆ. ಆರನೆಯ ವಾರ ನಾನೂ ಗುಲಾಬಿ ತೋಟದೊಳಗೆ ಅವಳ ಪಕ್ಕದಲ್ಲಿ ಬೋರಲು ಮಲಗಿದೆ, ಪರದೆಯ ಅಂಚು ಹಾರದ ಹಾಗೆ ಹಿಡಿದುಕೊಂಡು.

ಶನಿವಾರ ವ್ಯರ್ಥವಾಯಿತು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹಕ್ಕಿ ಗೂಟದ ಪಕ್ಕ ಇಳಿಯಿತು. ಎದೆಯೆಲ್ಲ ಕೆಸರು, ಒಂದು ಗರಿ ಮುರಿದು ಜೋತುಬಿದ್ದಿತ್ತು, ಕೊಕ್ಕಿನ ತುದಿಗೆ ಹಸಿರು ಪಾಚಿ. ನೀರಿನಂಚಿಗೆ ಓಡಿತು, ಕಾಲು ತೊಳೆದುಕೊಂಡ ಹಾಗೆ ಎರಡು ಹೆಜ್ಜೆ ನೀರಿಗಿಟ್ಟು ಹೊರಬಂತು, ನಿಂತಿತು. ಅಕ್ಕನ ಉಸಿರು ನಿಂತೇಹೋಗಿತ್ತು. ಕಾಲು ಸ್ವಲ್ಪ ಮೇಲೆತ್ತಮ್ಮ ಎಂದು ತುಟಿಯಲ್ಲೇ ಅಂದಳು. ಅವಳ ಮಾತು ಕೇಳಿತೋ, ಕಾಲಿಗೆ ಏನಾದರೂ ಕಚ್ಚಿತೋ, ಹಕ್ಕಿ ಬಲಗಾಲನ್ನು ಎತ್ತಿ ಗಲ್ಲ ಕೆರೆದುಕೊಂಡಿತು. ಕ್ಯಾಮೆರಾ ಬಡಬಡನೆ ಹೊಡೆದುಕೊಂಡಿತು. ಹಳದಿ ಉಂಗುರ, ಕಪ್ಪು ಅಕ್ಷರ. ಕೆ ೪೭.

"ತಪ್ಪಾಯ್ತಮ್ಮ" ಎಂದಳು ಅಕ್ಕ. ನನಗಲ್ಲ, ಅದಕ್ಕೆ. ಅವಳು ಜೀವಮಾನದಲ್ಲಿ ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಫೋಟೋವನ್ನು ಅವಳು ಕಂಪ್ಯೂಟರಿಗೂ ಹಾಕಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಸೋಮವಾರ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಮೇಷ್ಟ್ರನ್ನೂ ನನ್ನನ್ನೂ ಕರೆದುಕೊಂಡು ನೇರ ಅಧಿಕಾರಿಯ ಕಚೇರಿಗೆ ನಡೆದಳು. ಹೋದ ವರ್ಷ ಉಂಗುರ ಅಳಿಸಿದ್ದನ್ನೂ ಮುಚ್ಚಿಡದೆ ಹೇಳಿದಳು. ಅಧಿಕಾರಿ ಕ್ಯಾಮೆರಾದ ಪರದೆಯನ್ನು ಹಿಗ್ಗಿಸಿ ಕುಗ್ಗಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣು ಅಕ್ಕನ ಕಡೆ ಹೊರಳಿತು. ಕೊರಳಿನಲ್ಲಿ ನೇತಾಡುತ್ತಿದ್ದ ತಮ್ಮ ಗುರುತಿನ ಚೀಟಿಯನ್ನು ಎತ್ತಿ ತೋರಿಸಿದರು. ಅದು ನಮ್ಮ ಸ್ಟುಡಿಯೋದ್ದೇ ಫೋಟೋ.

"ಮೇಡಂ, ನನ್ನ ಹಣೆ ಮೇಲೆ ಇಷ್ಟುದ್ದ ಗಾಯದ ಗುರುತಿದೆ. ನೀವು ಕೇಳದೇನೇ ಮಾಯ ಮಾಡಿದ್ರಿ. ಒಂದು ಉಂಗುರ ಅಳಿಸೋಕೆ, ಒಂದು ಉಂಗುರ ತೊಡಿಸೋಕೆ ನಿಮಗೆಷ್ಟು ಹೊತ್ತು ಬೇಕು?"

ನನಗೆ ರಕ್ತ ಕುದಿಯಿತು. ಆರು ವಾರ ಕೆಸರಿನಲ್ಲಿ ಹೊರಳಿದವಳಿಗೆ ಈ ಮಾತೇ ಎಂದು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ಅದುಮಿದಳು. ಅವರು ಕೇಳುವುದು ಸರಿಯಾಗಿಯೇ ಇದೆ ಎಂದಳು. ಉಂಗುರ ತೊಡಿಸಿದವರು ಎಲ್ಲಿದ್ದಾರೋ ಅವರಿಗೆ ನೀವೇ ಬರೆಯಿರಿ, ನಂಬರು ಮಾತ್ರ ಹೇಳಿ, ಯಾವ ಹಕ್ಕಿ, ಯಾವ ಕಾಲು, ಯಾವ ಬಣ್ಣ ಎಂದು ಅವರಿಂದಲೇ ಹೇಳಿಸಿ ಎಂದಳು. ಅಧಿಕಾರಿ ನ್ಯಾಯವಂತರು, ನಮ್ಮೆದುರೇ ಮೇಲ್ ಬರೆದು ಕಳಿಸಿದರು. ಆದರೆ ಒಂದು ಮಾತು ಸೇರಿಸಿದರು: ಅವರು ಹೌದು ಅಂದರೂ ಅದು ಈ ವರ್ಷದ ಹಕ್ಕಿಗೆ ಸಾಕ್ಷಿ, ಹೋದ ವರ್ಷವೂ ಇದೇ ಹಕ್ಕಿ ಇಲ್ಲಿತ್ತು ಅನ್ನುವುದಕ್ಕೆ ಮೇಷ್ಟ್ರ ಪುಸ್ತಕದ ಒಂದು ಸಾಲು ಸಾಲದು.

ಅಂದಿನಿಂದ ಮೂರು ದಿನ ಅಕ್ಕ ಹೋದ ವರ್ಷದ ಫೋಟೋದ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಅಳಿಸುವುದೆಂದರೆ ಏನು ಎಂದು ಹೇಳಬೇಕು. ಅದು ಬರಿದೇ ಒರೆಸುವುದಲ್ಲ. ಪಕ್ಕದಿಂದ ಒಂದು ತುಂಡನ್ನು ನಕಲು ಮಾಡಿ ತಂದು ಬೇಡದ ಕಡೆ ಮುಚ್ಚುವುದು, ಅಂಗಿಗೆ ಅದೇ ಬಟ್ಟೆಯ ತೇಪೆ ಹಾಕಿದ ಹಾಗೆ. ಒಳ್ಳೆಯ ಕೈಯಾದರೆ ತೇಪೆ ಗೊತ್ತಾಗುವುದಿಲ್ಲ. ಅಕ್ಕನ ಕೈ ಒಳ್ಳೆಯ ಕೈ, ಅದೇ ಈಗ ನಮಗೆ ಶತ್ರು. ಬುಧವಾರ ಮಧ್ಯಾಹ್ನ ನಾನು ಕೌಂಟರಿನಲ್ಲಿ ಗಿರಾಕಿಯ ಹತ್ತಿರ ವಾದ ಮಾಡುತ್ತಿದ್ದಾಗ ಒಳಗಿನಿಂದ ಕರೆದಳು. ಹಕ್ಕಿಯ ಕಾಲಿನ ಪಕ್ಕ, ಕೆಸರಿನ ಮೇಲೆ, ಸಾಸಿವೆಯಷ್ಟು ಸಣ್ಣ ಬಸವನಹುಳದ ಚಿಪ್ಪು. ಅಂಚು ಒಡೆದದ್ದು. ಅದರ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಅದೇ ಚಿಪ್ಪು, ಅದೇ ಒಡೆದ ಅಂಚು. ಅವತ್ತು ಉಂಗುರ ಮುಚ್ಚಲು ಕಾಲಿನ ಕೆಳತುಂಡನ್ನು ತರುವಾಗ ಅವಸರದಲ್ಲಿ ಚಿಪ್ಪನ್ನೂ ಸೇರಿಸಿ ನಕಲು ಮಾಡಿದ್ದಳು. ತೇಪೆಯ ಹೊಲಿಗೆ ಸಿಕ್ಕಿತ್ತು.

ಶುಕ್ರವಾರ ಸಭೆ. ಉದ್ದನೆಯ ಮೇಜು, ಹದಿಮೂರು ಜನ, ಗೋಡೆಗೆ ಕಟ್ಟೆಯ ನಕ್ಷೆ. ಅಧಿಕಾರಿ ಎದ್ದು, ಉತ್ತರ ಬಂದಿದೆ ಎಂದರು. ಕೆ ೪೭, ಗೊರವ, ಬಲಗಾಲು, ಹಳದಿ. ಒಂಬತ್ತು ವರ್ಷದ ಹಿಂದೆ ಉತ್ತರದ ಚಳಿಯ ಕರಾವಳಿಯಲ್ಲಿ ತೊಡಿಸಿದ್ದು. ಈ ಕಡೆಯಿಂದ ಅಂಥ ಹಳದಿ ಉಂಗುರ ಕಂಡಿದೆ ಎಂದು ಅವರಿಗೆ ಯಾರೂ ಇದುವರೆಗೆ ಬರೆದಿರಲಿಲ್ಲ, ಹಾಗಾಗಿ ಇಲ್ಲಿಗೆ ಬರುವುದು ಇದೊಂದೇ ಇರಬೇಕು. ಹಾಗಾದರೆ ಹೋದ ವರ್ಷದ್ದೇನು ಎಂದು ಮೇಜಿನ ತುದಿಯಿಂದ ಯಾರೋ ಕೇಳಿದರು.

ಅಕ್ಕ ಎದ್ದಳು. ಹೋದ ವರ್ಷದ ಫೋಟೋವನ್ನು ಹಾಸಿಗೆ ದಿಂಬಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಳು. ಮೇಜಿನ ಮೇಲೆ ಹರಡಿ, ಎರಡು ಚಿಪ್ಪಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಮೂವತ್ತೊಂದು ವರ್ಷದಲ್ಲಿ ತನ್ನ ತೇಪೆಯನ್ನು ಅವಳು ಹೊರಗಿನವರು ಯಾರಿಗೂ ತೋರಿಸಿದವಳಲ್ಲ.

"ಒಂದೇ ಚಿಪ್ಪು ಎರಡು ಸಲ ಇದೆ, ನೋಡಿ. ಮೇಲಿಂದು ನಾನು ಹಾಕಿದ ತೇಪೆ. ಅದರ ಪಕ್ಕದಲ್ಲಿ, ಬಲಗಾಲಲ್ಲಿ, ಉಂಗುರ ಇತ್ತು. ಕಸ ಅಂದ್ಕೊಂಡು ನಾನೇ ಅಳಿಸಿದೆ. ಈ ವರ್ಷದ ಫೋಟೋ ಪಕ್ಕದಲ್ಲಿಟ್ಟು ಅಳತೆ ಮಾಡಿ. ಅದೇ ಕಾಲು, ಅದೇ ಎತ್ತರ, ಅದೇ ಗೂಟ."

ಅಧಿಕಾರಿ ಸ್ಕೇಲು ತರಿಸಿ ತೇಪೆಯ ಎತ್ತರವನ್ನೂ ಉಂಗುರದ ಎತ್ತರವನ್ನೂ ಅಳೆದರು, ಮೇಷ್ಟ್ರು ಲೆಕ್ಕ ಹಾಕಿದರು, ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅಧಿಕಾರಿ ನಕ್ಷೆಯ ಹತ್ತಿರ ಹೋಗಿ, ಕಟ್ಟೆಯ ಗುರುತನ್ನು ಹೊಡೆದು ಹಾಕಿ, ಗೇಟಿನ ಪಕ್ಕದ ದಡದಲ್ಲಿ ಹೊಸದಾಗಿ ಬರೆದರು. ಮೇಷ್ಟ್ರು ಕರವಸ್ತ್ರ ತೆಗೆದು ಕನ್ನಡಕ ಒರೆಸುತ್ತಲೇ ಇದ್ದರು. ನಾನಂತೂ ಸಂಕೋಚವಿಲ್ಲದೆ ಅತ್ತೆ.

ಮುಂದಿನ ವಾರ ಪಕ್ಷಿಧಾಮದಿಂದ ಕಾಗದ ಬಂತು. ದಿಬ್ಬದ ಹಕ್ಕಿಗಳ ಲೆಕ್ಕ ಇಡಲು ಅಕ್ಕನನ್ನು ಸ್ವಯಂಸೇವಕಿಯಾಗಿ ತೆಗೆದುಕೊಂಡಿದ್ದರು, ಗುರುತಿನ ಚೀಟಿಗೆ ಒಂದು ಫೋಟೋ ಕಳಿಸಬೇಕಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ಗಲ್ಲ ಸ್ವಲ್ಪ ಕೆಳಗೆ, ಉಸಿರು ಹಿಡೀಬೇಡ ಎಂದು ನಾನು ಅವಳ ಡೈಲಾಗನ್ನು ಅವಳಿಗೇ ಹೊಡೆದು ಫೋಟೋ ತೆಗೆದೆ. ಕಂಪ್ಯೂಟರಿನ ಮುಂದೆ ಕೂತಾಗ ನನ್ನ ಕೈ ತಾನಾಗಿಯೇ ಮೌಸನ್ನು ಅವಳ ಎಡಗೆನ್ನೆಗೆ ಒಯ್ದಿತ್ತು. ಅಪ್ಪ ಕಲಿಸಿದ್ದು ಅಕ್ಕನಿಗೆ, ಅಕ್ಕ ಕಲಿಸಿದ್ದು ನನಗೆ. ಹಿಂದಿನಿಂದ ಬಂದು ಅವಳು ನನ್ನ ಕೈಯನ್ನು ಹಿಡಿದುಕೊಂಡಳು.

"ಅದು ಇರಲಿ ಬಿಡೋ. ನಾಳೆ ನನ್ನನ್ನ ಯಾರಾದ್ರೂ ಗುರುತು ಹಿಡೀಬೇಕಲ್ಲ."

ಆ ಫೋಟೋವನ್ನು ನಾನು ಎರಡು ಅಳತೆಯಲ್ಲಿ ಪ್ರಿಂಟ್ ತೆಗೆದೆ. ಚಿಕ್ಕದು ಪಕ್ಷಿಧಾಮಕ್ಕೆ ಹೋಯಿತು. ದೊಡ್ಡದನ್ನು ಹಿಡಿದುಕೊಂಡು, ಅವಳನ್ನು ಕೇಳದೆ, ಕೆಳಗಿಳಿದು, ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಅಪ್ಪನ ಫೋಟೋ ಇದ್ದ ಮೊಳೆಗೆ ಹಾಕಿದೆ. ಅಪ್ಪನದನ್ನು ಒರೆಸಿ, ಪರದೆಯ ಜೊತೆ ಅಟ್ಟದಲ್ಲಿಟ್ಟೆ. ಸಂಜೆ ಬಾಗಿಲು ಹಾಕುವಾಗ ಅಕ್ಕ ಅದನ್ನು ನೋಡಿದಳು, ಗಾಜಿನ ಮೇಲಿದ್ದ ನನ್ನ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿದಳು. ಮರುದಿನದಿಂದ ಮೆಟ್ಟಿಲು ಹತ್ತಿ ಬಂದವರು ಯಾರೂ ಅವಳ ತಂಗಿಯ ಬಗ್ಗೆ ಕೇಳಿಲ್ಲ.